ಕ್ರಿಸ್ತಜಯಂತಿಯ ಊಟಕ್ಕೆ ಟರ್ಕಿ ಕೋಳಿ ಬೇಕೆ?

ಹೋದ ವರ್ಷ ಆಗಮನ ಕಾಲದ ಎರಡನೆಯ ಭಾನುವಾರ ಸಂಜೆ ಮೈಸೂರಿನ ಅಶೋಕಪುರಂನ ಒಂದು ಮನೆಯಲ್ಲಿ ನಮ್ಮ ವಲಯದ ಜಪಸರ ಪ್ರಾರ್ಥನೆ ಮುಗಿಯಿತು. ಕಾಫಿ ಕುಡಿಯುತ್ತಾ ಹಬ್ಬದ ಮಾತು ಎತ್ತಿಕೊಂಡೆವು. ಗೋದಲಿ ಯಾರ ಮನೆಯ ಮುಂದೆ ಕಟ್ಟುವುದು, ಹಾಡಿನ ತಂಡ ಯಾವ ಯಾವ ಬೀದಿಗೆ ಹೋಗುವುದು, ಹಬ್ಬದ ಮಾರನೆಯ ದಿನ ಎಲ್ಲ ಕುಟುಂಬಗಳೂ ಕೂಡಿ ಊಟ ಮಾಡುವುದಾದರೆ ತಲೆಗೆ ಎಷ್ಟು ಚಂದಾ. ಇವು ಪ್ರತಿ ವರ್ಷದ ಮಾತುಗಳೇ. ಈ ಸಲ ಹೊಸದೊಂದು ಸೇರಿತು. ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಎದ್ದು ನಿಂತು, "ಎಲ್ಲಾ ವರ್ಷನೂ ಅದೇ ಕೋಳಿ ಸಾರು. ಈ ಸಲ ಟರ್ಕಿ ಮಾಡೋಣ. ಕ್ರಿಸ್ಮಸ್ ಅಂದ್ರೆ ಟರ್ಕಿ ಇರಲೇಬೇಕು" ಎಂದ. ಇಡೀ ಹಕ್ಕಿಯನ್ನು ಹುರಿದು ಕೆಂಪಗೆ ಮಾಡುವ ಬಗೆಯನ್ನು ಕೈಯಲ್ಲೇ ತೋರಿಸಿದ. ಮಕ್ಕಳು ಬಾಯಿ ಬಿಟ್ಟು ನೋಡಿದವು. ಎರಡು ಹಕ್ಕಿ ತಂದರೆ ಚಂದಾ ದುಪ್ಪಟ್ಟಾಗುತ್ತದೆ ಎಂದು ಲೆಕ್ಕ ಬರೆಯುವವರು ಮೆಲ್ಲಗೆ ಹೇಳಿದರು.

ಮೂಲೆಯಲ್ಲಿ ಕುಳಿತಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರು ನಮ್ಮ ಕಡೆ ತಿರುಗಿ, "ಮೇಷ್ಟ್ರೇ, ಅದು ಬೈಬಲ್‌ನಲ್ಲಿ ಐತಾ?" ಎಂದರು.

ನಾವು ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವರು. ಆದರೂ ತಟ್ಟನೆ ಉತ್ತರ ಬರಲಿಲ್ಲ. "ನೋಡಿ ಹೇಳ್ತೀವಿ ಅವ್ವ" ಎಂದೆವು. ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪಕ್ಷಿಯ ಕಥೆ ಹೇಳುವ ಮೊದಲು ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನಮ್ಮ ವಲಯದಲ್ಲಿ ಹೀಗೆಯೇ ಚಂದಾ ಏರಿಸಿದ್ದೆವು. ಆ ಸಲ ಊಟಕ್ಕೆ ಮೂರು ಮನೆಯವರು ಬರಲಿಲ್ಲ. ಒಬ್ಬರಿಗೆ ಜ್ವರ, ಒಬ್ಬರು ಊರಿಗೆ ಹೋಗಿದ್ದಾರೆ, ಒಬ್ಬರಿಗೆ ಕೆಲಸಕ್ಕೆ ರಜೆ ಸಿಗಲಿಲ್ಲ ಎಂದು ಕೇಳಿ ಒಪ್ಪಿಕೊಂಡೆವು. ಮೂರು ಮನೆಯಲ್ಲೂ ಕಾರಣ ಒಂದೇ ಆಗಿತ್ತೆಂದು ನಮಗೆ ಗೊತ್ತಾದದ್ದು ತಪಸ್ಸುಕಾಲದ ಹೊತ್ತಿಗೆ. ಹೀಗಾಗಿ ಅಜ್ಜಿಯ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸಿ ಬಿಡುವಂತಿರಲಿಲ್ಲ.

ಮೊದಲು ಬೈಬಲ್ಲಿನ ಮಾತು. ಅದರಲ್ಲಿ ಹಕ್ಕಿಗಳಿಗೆ ಬರವಿಲ್ಲ. ಮರುಭೂಮಿಯಲ್ಲಿ ಹಸಿದ ಇಸ್ರಯೇಲರಿಗೆ ಲಾವಕ್ಕಿಗಳು ಬಂದವು. ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿ ತಂದವು. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದಾಗ ಮರಿಯ ಜೋಸೆಫರು ಕುರಿಮರಿ ತರಲಾರದ ಬಡವರಿಗೆ ವಿಧಿಸಿದ್ದ ಪಾರಿವಾಳದ ಜೋಡಿಯನ್ನು ಕಾಣಿಕೆ ಕೊಟ್ಟರೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಪೇತ್ರನನ್ನು ಅಳಿಸಿದ ಹುಂಜ ಎಲ್ಲರಿಗೂ ಗೊತ್ತು. ಟರ್ಕಿ ಕೋಳಿ ಮಾತ್ರ ಎಲ್ಲಿಯೂ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಏಕೆಂದರೆ ಆ ಕಾಲದಲ್ಲಿ ಅದು ಮಹಾಸಾಗರದ ಆಚೆ, ಅಮೆರಿಕ ಖಂಡದಲ್ಲಿತ್ತು. ಅಂಥ ಖಂಡವೊಂದು ಇದೆಯೆಂದು ಜೆರುಸಲೇಮಿನಲ್ಲಾಗಲಿ ರೋಮಿನಲ್ಲಾಗಲಿ ಯಾರಿಗೂ ತಿಳಿದಿರಲಿಲ್ಲ.

ಟರ್ಕಿ ಕೋಳಿಯ ತವರು ಮೆಕ್ಸಿಕೊ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ಅದನ್ನು ಮನೆಯಲ್ಲಿ ಸಾಕಿದ್ದರು. 1519ರಲ್ಲಿ ಸ್ಪೇನಿನ ಕೊರ್ತೇಸ್ ಸೈನ್ಯದೊಂದಿಗೆ ಅಲ್ಲಿಗೆ ಇಳಿದಾಗ ಸಂತೆಗಳಲ್ಲಿ ಈ ಹಕ್ಕಿಗಳು ಮಾರಾಟಕ್ಕಿದ್ದವು. ಆ ನಾಡಿನ ಜನರ ಭಾಷೆ ಕಲಿತು ಅವರ ಬದುಕನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ಕನ್ ಸಭೆಯ ಗುರು ಬೆರ್ನಾರ್ದಿನೊ ದೆ ಸಹಾಗುನ್ ಅವರ ಗ್ರಂಥದಲ್ಲಿ ಈ ಹಕ್ಕಿಯ ವರ್ಣನೆ ಇದೆ, ಅದರ ಮಾಂಸದಿಂದ ಮಾಡುವ ತಿನಿಸುಗಳ ಹೆಸರೂ ಇದೆ. ಮೆಕ್ಸಿಕೊದ ಪುಯೆಬ್ಲಾ ನಗರದಲ್ಲಿ ಒಂದು ಐತಿಹ್ಯವನ್ನು ಈಗಲೂ ಹೇಳುತ್ತಾರೆ. ಧರ್ಮಾಧ್ಯಕ್ಷರು ಊಟಕ್ಕೆ ಬರುತ್ತಾರೆಂದು ತಿಳಿದ ಕನ್ಯಾಮಠದ ಸಿಸ್ಟರ್ ಒಬ್ಬರು ಒಣ ಮೆಣಸಿನಕಾಯಿ, ಎಳ್ಳು, ಚಕ್ಕೆ ಲವಂಗ, ಕೋಕೋ ಎಲ್ಲವನ್ನೂ ಅರೆದು, ಟರ್ಕಿ ಕೋಳಿಗೆ ಗಟ್ಟಿ ಗೊಜ್ಜು ಮಾಡಿ ಬಡಿಸಿದರಂತೆ. ಇದು ನಿಜವೋ ಕಟ್ಟುಕತೆಯೋ, ಕೋಕೋ ಒಂದನ್ನು ಬಿಟ್ಟರೆ ಆ ಸಿಸ್ಟರ್ ನಮ್ಮ ಅಶೋಕಪುರಂನ ಯಾವ ಅಡುಗೆಮನೆಗೆ ಬಂದಿದ್ದರೂ ಅವರಿಗೆ ಪರಕೀಯವೆನಿಸುತ್ತಿರಲಿಲ್ಲ.

ಇನ್ನು ಹೆಸರಿನ ಕಥೆ. ಇದರಷ್ಟು ತಪ್ಪು ವಿಳಾಸ ಹೊತ್ತು ತಿರುಗಿದ ಪ್ರಾಣಿ ಬೇರೆ ಇರಲಾರದು. ಆಫ್ರಿಕದ ಗಿನಿ ಕೋಳಿ ತುರ್ಕಿ ವರ್ತಕರ ಮೂಲಕ ಬರುತ್ತದೆಂದು ಇಂಗ್ಲಿಷರು ಅದನ್ನು ಟರ್ಕಿ ಕೋಳಿ ಎನ್ನುತ್ತಿದ್ದರು. ಹೊಸ ಹಕ್ಕಿ ಬಂದಾಗ ಎರಡನ್ನೂ ಕಲಸಿಕೊಂಡರು, ಹೆಸರು ಹೊಸದಕ್ಕೆ ಅಂಟಿತು. ತುರ್ಕಿಯವರಿಗೆ ಅದು ತಮ್ಮದಲ್ಲವೆಂದು ಚೆನ್ನಾಗಿ ಗೊತ್ತಿತ್ತು, ಅವರು ಅದನ್ನು 'ಹಿಂದಿ' ಎಂದು ಕರೆದರು. ಹಿಂದೂಸ್ಥಾನದ್ದು ಎಂದು ಅರ್ಥ. ಫ್ರೆಂಚರಿಗೂ ಅದು ಇಂಡಿಯಾದ ಕೋಳಿಯೇ. ಪೋರ್ಚುಗೀಸರು 'ಪೆರು' ಎಂದರು. ಎಲ್ಲಕ್ಕಿಂತ ತಮಾಷೆ ಡಚ್ಚರದು. ಅವರು ಅದನ್ನು 'ಕಲ್ಕೂನ್' ಎಂದು ಕರೆಯುತ್ತಾರೆ. ಅಂದರೆ ಕಲ್ಲಿಕೋಟೆಯ ಕೋಳಿ! ಡೆನ್ಮಾರ್ಕ್, ಸ್ವೀಡನ್ನಿನವರೂ ಇದೇ ಹೆಸರನ್ನು ಎರವಲು ಪಡೆದರು. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಇಳಿದರೆ ನಮ್ಮಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಕಲ್ಲಿಕೋಟೆಯ ಹೆಸರು, ಅಲ್ಲಿ ಎಂದೂ ಹುಟ್ಟದ ಹಕ್ಕಿಗೆ, ಉತ್ತರ ಸಮುದ್ರದ ದಡದ ಜನರ ಬಾಯಲ್ಲಿ. ಕೊಲಂಬಸ್ 1492ರಲ್ಲಿ ಮುಟ್ಟಿದ ನೆಲವನ್ನು ಇಂಡಿಯಾ ಎಂದು ನಂಬಿದ ಮೇಲೆ ಅಲ್ಲಿಂದ ಬಂದದ್ದೆಲ್ಲ ಯುರೋಪಿನವರ ಕಣ್ಣಿಗೆ ಇಂಡಿಯಾದ್ದೇ ಆಯಿತು. ನಾವೂ ಕಡಿಮೆಯೇನಲ್ಲ. ಕಡಲಾಚೆಯಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂದೋ 'ಪರಂಗಿ' ಎಂದೋ ಸೇರಿಸಿ ಸುಮ್ಮನಾದವರು.

ಹಾಗಾದರೆ ನಿಜವಾಗಿ ಇಂಡಿಯಾಕ್ಕೆ ಇದು ಬಂದದ್ದು ಎಂದು? ನಮಗೆ ಸಿಗುವ ಸೊಗಸಾದ ದಾಖಲೆ 1612ರದು. ಮೊಗಲ್ ಚಕ್ರವರ್ತಿ ಜಹಾಂಗೀರನ ಅಪ್ಪಣೆಯಂತೆ ಮುಕರ್ರಬ್ ಖಾನನೆಂಬ ಅಧಿಕಾರಿ ಗೋವೆಗೆ ಹೋಗಿ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನೂ ಪ್ರಾಣಿಗಳನ್ನೂ ಕೊಂಡು ತಂದ. ಅದರಲ್ಲಿ ಒಂದು ಟರ್ಕಿ ಹುಂಜವಿತ್ತು. ಬಾದಶಹನಿಗೆ ಅದನ್ನು ನೋಡಿ ನೋಡಿ ಸಾಲದಾಯಿತು. ಅದು ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಸಣ್ಣದು, ಮದ ಬಂದಾಗ ನವಿಲಿನಂತೆಯೇ ಗರಿ ಬಿಚ್ಚಿ ಕುಣಿಯುತ್ತದೆ, ತಲೆ ಕೊರಳಿನ ಬಣ್ಣ ಊಸರವಳ್ಳಿಯಂತೆ ಬದಲಾಗುತ್ತದೆ ಎಂದು ತನ್ನ ದಿನಚರಿಯಲ್ಲಿ ವಿವರವಾಗಿ ಬರೆಸಿದ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನಾವು ಅದರ ಅಚ್ಚುಪ್ರತಿಯನ್ನು ನೋಡಿದ್ದೇವೆ. ಜೋತುಬಿದ್ದ ಕೆಂಪು ನೀಲಿ ಕೊರಳಿನ ಒಂದೊಂದು ಗಂಟನ್ನೂ ಆ ಪುಣ್ಯಾತ್ಮ ಬಿಟ್ಟಿಲ್ಲ. ಹೀಗೆ ನಮ್ಮ ದೇಶದಲ್ಲಿ ಈ ಹಕ್ಕಿಗೆ ಸಿಕ್ಕ ಮೊದಲ ದೊಡ್ಡ ಮರ್ಯಾದೆ ಕಣ್ಣಿಗೆ ಹಬ್ಬವಾಗಿ, ನಾಲಿಗೆಗೆ ಅಲ್ಲ.

ಯುರೋಪಿನಲ್ಲಿ ಅದು ನೇರ ಊಟದ ಮೇಜಿಗೇ ಹೋಯಿತು, ನವಿಲಿನ ಜಾಗಕ್ಕೆ. ಮಧ್ಯಯುಗದ ಅರಸರು ದೊಡ್ಡ ಹಬ್ಬಗಳಲ್ಲಿ ನವಿಲನ್ನು ಸುಟ್ಟು, ಅದರ ಗರಿಗಳನ್ನೇ ಮತ್ತೆ ಹೊದಿಸಿ ಮೇಜಿನ ಮೇಲೆ ಇಡಿಸುತ್ತಿದ್ದರು. ನೋಡಲು ಚೆಂದ, ತಿನ್ನಲು ತೊಗಲು. ಅಷ್ಟೇ ದೊಡ್ಡದಾದ, ಅದಕ್ಕಿಂತ ರುಚಿಯಾದ ಹಕ್ಕಿ ಸಿಕ್ಕಿದ ಮೇಲೆ ನವಿಲನ್ನು ಯಾರು ಕೇಳುತ್ತಾರೆ? ನಮ್ಮ ದೇಶದ ನವಿಲನ್ನು ಅಲ್ಲಿಂದ ಎಬ್ಬಿಸಿ, ನಮ್ಮ ದೇಶದ ಸುಳ್ಳು ಹೆಸರು ಹೊತ್ತ ಹಕ್ಕಿ ಕುಳಿತುಕೊಂಡಿತು. ಇಂಗ್ಲೆಂಡಿನ ಸಭೆ ರೋಮಿನಿಂದ ಬೇರೆಯಾದ ಮೇಲೆ, 1541ರಲ್ಲಿ ಕ್ಯಾಂಟರ್ಬರಿಯ ಕ್ರ್ಯಾನ್ಮರ್ ಅವರು ಧರ್ಮಾಧ್ಯಕ್ಷರ ಊಟದ ಅತಿರೇಕವನ್ನು ತಗ್ಗಿಸಲು ಒಂದು ಕಟ್ಟಳೆ ಮಾಡಿದರು. ಕೊಕ್ಕರೆ, ಹಂಸ, ಟರ್ಕಿಯಂಥ ದೊಡ್ಡ ಹಕ್ಕಿ ತಟ್ಟೆಗೆ ಒಂದು ಮಾತ್ರ! ಆ ಕಟ್ಟಳೆಯೂ ಕೆಲವೇ ತಿಂಗಳು ನಡೆದು ಎಲ್ಲರೂ ಹಳೆಯ ಚಾಳಿಗೆ ಮರಳಿದರಂತೆ. ಯಾರ್ಕ್‌ಷೈರಿನ ಬಾಯ್ನ್‌ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಬೈಬಲ್ ಇಡುವ ಪೀಠವನ್ನು ಗರುಡನ ಬದಲು ಟರ್ಕಿ ಕೋಳಿಯ ಆಕಾರದಲ್ಲಿ ಕೆತ್ತಿದ್ದಾರೆ. ಆ ಊರಿನ ಸ್ಟ್ರಿಕ್ಲೆಂಡ್ ಮನೆತನದ ಹಿರಿಯನೊಬ್ಬ ಈ ಹಕ್ಕಿಯನ್ನು ಇಂಗ್ಲೆಂಡಿಗೆ ತಂದನೆಂಬ ಹೆಮ್ಮೆಗೆ. ಅಜ್ಜಿಗೆ ಈ ಸಂಗತಿ ಹೇಳಿದಾಗ, "ಹಂಗಾದ್ರೆ ಬೈಬಲ್ಲು ಅದರ ಮ್ಯಾಲೆ ಐತೆ, ಅದು ಬೈಬಲ್‌ನಾಗೆ ಇಲ್ಲ" ಎಂದರು.

ಇದನ್ನು ಯುರೋಪಿಗೆ ತಂದವರು ಯೇಸುಸಭೆಯ ಗುರುಗಳು ಎಂಬ ಮಾತೂ ಉಂಟು. ಊಟದ ಬಗ್ಗೆ 1825ರಲ್ಲಿ ದೊಡ್ಡ ಗ್ರಂಥ ಬರೆದ ಫ್ರಾನ್ಸಿನ ಬ್ರಿಲ್ಲಾ ಸಾವರಿನ್ ಹಾಗೆ ಹೇಳಿದ್ದಾನೆ. ಫ್ರಾನ್ಸಿನ ಕೆಲವು ಕಡೆ ಜನ ಈ ಹಕ್ಕಿಯನ್ನು 'ಜೆಸ್ವಿಟ್' ಎಂದೇ ಕರೆಯುತ್ತಾರೆಂದೂ ಬರೆದಿದ್ದಾನೆ. ಯೇಸುಸಭೆಯ ಗುರುಗಳು ಕೋಪಿಸಿಕೊಳ್ಳಬೇಕಾಗಿಲ್ಲ. ಅವರ ಸಭೆಗೆ ಜಗದ್ಗುರುಗಳ ಮನ್ನಣೆ ಸಿಕ್ಕಿದ್ದು 1540ರಲ್ಲಿ. ಅಷ್ಟರಲ್ಲಿ ಟರ್ಕಿ ಯುರೋಪಿನ ಅಂಗಳದಲ್ಲಿ ಮರಿ ಮಾಡಿ ಎಷ್ಟೋ ವರ್ಷಗಳಾಗಿದ್ದವು.

ಇಷ್ಟಾದರೂ ಅದು ಕ್ರಿಸ್ತಜಯಂತಿಯ ಕಡ್ಡಾಯದ ಹಕ್ಕಿ ಆದದ್ದು ಬಹಳ ತಡವಾಗಿ, ಅದೂ ಮುಖ್ಯವಾಗಿ ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೆಲಸಗಾರರ ಹಬ್ಬದ ಹಕ್ಕಿ ಬಾತು. ವಾರವಾರವೂ ಚಿಲ್ಲರೆ ಕಾಸು ಕಟ್ಟಿ ಡಿಸೆಂಬರಿನಲ್ಲಿ ಒಂದು ಬಾತು ಪಡೆಯುವ ಚೀಟಿಗಳೇ ಇದ್ದವು. 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಬಡ ಗುಮಾಸ್ತನ ಮನೆಯಲ್ಲಿ ಇದ್ದದ್ದು ಬಾತು. ಮನಸ್ಸು ಬದಲಾದ ಜಿಪುಣ ಯಜಮಾನ ಕಳಿಸಿದ್ದು ಅಂಗಡಿಯಲ್ಲಿದ್ದ ಅತಿ ದೊಡ್ಡ ಟರ್ಕಿ. ಆ ಕಥೆ ಓದಿದವರಿಗೆಲ್ಲ ಟರ್ಕಿ ಎಂದರೆ ಸಿರಿತನದ ಜೊತೆಗೆ ಔದಾರ್ಯದ ಗುರುತೂ ಆಯಿತು. ಹಾಗಿದ್ದೂ ಸಾಮಾನ್ಯ ಮನೆಗಳಿಗೆ ಅದು ನಿಲುಕಿದ್ದು ಎರಡನೆಯ ಮಹಾಯುದ್ಧದ ನಂತರ, ಕೋಳಿ ಫಾರಂಗಳೂ ಫ್ರಿಜ್ಜುಗಳೂ ಬಂದ ಮೇಲೆ. ಅಮೆರಿಕದಲ್ಲಂತೂ ಅದು ಮೊದಲಿಗೆ ನವೆಂಬರಿನ ಕೃತಜ್ಞತಾ ಹಬ್ಬದ್ದು. ಲಿಂಕನ್ 1863ರಲ್ಲಿ ಆ ಹಬ್ಬವನ್ನು ಇಡೀ ದೇಶಕ್ಕೆ ಸಾರಿದ. ಇತ್ತ ಪೋಲೆಂಡಿನ ಕಥೋಲಿಕರು ಹಬ್ಬದ ಹಿಂದಿನ ರಾತ್ರಿ ಮೀನು ತಿನ್ನುತ್ತಾರೆ, ಇಟಲಿಯಲ್ಲೂ ಹಾಗೆಯೇ. ಜರ್ಮನರಿಗೆ ಬಾತು. ಜಪಾನಿನಲ್ಲಿ 1974ರ ಒಂದು ಜಾಹೀರಾತಿನಿಂದಾಗಿ ಕೆಂಟಕಿ ಕಂಪನಿಯ ಕರಿದ ಕೋಳಿಗೆ ಜನ ಸಾಲು ನಿಲ್ಲುತ್ತಾರೆ. ಇದಕ್ಕೆ ನಗುವ ಹಾಗಿಲ್ಲ, ಸಂಪ್ರದಾಯ ಹುಟ್ಟುವ ಬಗೆಯೇ ಹೀಗೆ.

ಹಬ್ಬದ ದಿನ ಮಾಂಸಕ್ಕೆ ಅಷ್ಟೊಂದು ಮಹತ್ವ ಬಂದದ್ದಕ್ಕೆ ಸಭೆಯ ಒಂದು ಹಳೆಯ ನಿಯಮವೂ ಕಾರಣ. ಕ್ರಿಸ್ತಜಯಂತಿಯ ಹಿಂದಿನ ದಿನ ಒಪ್ಪೊತ್ತು ಮತ್ತು ಮಾಂಸ ವರ್ಜನೆಯ ದಿನವಾಗಿತ್ತು. 1917ರ ಧರ್ಮಸಭೆಯ ಕಾನೂನಿನಲ್ಲೂ ಅದು ಇತ್ತು. 1966ರಲ್ಲಿ ಜಗದ್ಗುರು ಆರನೆಯ ಪೌಲರು ಉಪವಾಸದ ನಿಯಮಗಳನ್ನು ಸಡಿಲಿಸಿದ ಮೇಲೆ ಆ ಕಡ್ಡಾಯ ಹೋಯಿತು. ನಮ್ಮ ಬಾಲ್ಯದಲ್ಲೂ ಮನೆಯ ಹಿರಿಯರು ಅದನ್ನು ಬಿಟ್ಟಿರಲಿಲ್ಲ. ನಡುರಾತ್ರಿಯ ಬಲಿಪೂಜೆ ಮುಗಿಸಿ ಚಳಿಯಲ್ಲಿ ನಡೆದು ಬರುವಾಗ ಬೀದಿಯ ತುದಿಗೇ ಕೋಳಿ ಸಾರಿನ ಘಮ ಬರುತ್ತಿತ್ತು. ಇಡೀ ದಿನ ಹೊಟ್ಟೆ ಕಟ್ಟಿದವರಿಗೆ ಆ ವಾಸನೆ ಏನೆಂದು ಈಗಿನ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ.

ಈಗ ನಮ್ಮ ಮೈಸೂರಿಗೇ ಬರೋಣ. ಇಲ್ಲಿ ಶುಭಸಂದೇಶ ಸಾರಿದ ಮೊದಲಿಗರು ಹಬ್ಬದ ದಿನ ಏನು ತಿಂದರು? 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು, ಸಂನ್ಯಾಸಿಯ ಉಡುಪು ತೊಟ್ಟರು. ಮದುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ದಾರಿ ಅದು. ಆ ದಾರಿ ಹಿಡಿದವರು ಮಾಂಸ ಮದ್ಯ ಮುಟ್ಟುತ್ತಿರಲಿಲ್ಲ. ಅಂದರೆ ಯುರೋಪಿನ ಸಿರಿವಂತರ ಮೇಜಿನಲ್ಲಿ ಟರ್ಕಿ ಮೆರೆಯುತ್ತಿದ್ದ ಕಾಲದಲ್ಲಿ, ನಮ್ಮ ಸೀಮೆಯ ಮೊದಲ ಗುರುಗಳ ಕ್ರಿಸ್ತಜಯಂತಿ ಅನ್ನ, ತರಕಾರಿ, ಹಾಲು ಇಷ್ಟರಲ್ಲೇ ನಡೆದಿರಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಕೂಡ ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು, 1823ರ ತನಕ ಬಾಳಿದರು. ಇದನ್ನು ಓದುವಾಗ ನಮಗೆ ಅಭಿಮಾನ ಉಕ್ಕುತ್ತದೆ.

ಆದರೆ ಅದೇ ಪುಟದ ಹಿಂಬದಿಯನ್ನೂ ಓದಬೇಕು. ಸಂನ್ಯಾಸಿಯ ವ್ರತ ಬರೀ ಮಾಂಸದ ಮಾತಾಗಿರಲಿಲ್ಲ, ಯಾರ ಮನೆಯಲ್ಲಿ ಉಣ್ಣಬಾರದು ಎಂಬ ಮಾತೂ ಆಗಿತ್ತು. ಮದುರೆಯ ಕ್ರಮದಲ್ಲಿ ಮೇಲ್ಜಾತಿಯವರ ನಡುವೆ ಕೆಲಸ ಮಾಡುವ ಸಂನ್ಯಾಸಿ ಗುರುಗಳು ಬೇರೆ, ಕೆಳಗಿನವರೆಂದು ಎಣಿಸಿದವರ ಬಳಿಗೂ ಹೋಗಬಲ್ಲ ಪಂಡಾರ ಸ್ವಾಮಿಗಳು ಬೇರೆ. ಮೊದಲನೆಯವರು ದಲಿತರ ಗುಡಿಸಲಿನ ಎಲೆಯ ಮುಂದೆ ಕೂರುವಂತಿರಲಿಲ್ಲ. ಅಂದಿನ ಸಮಾಜದಲ್ಲಿ ಅವರಿಗೆ ಬೇರೆ ದಾರಿ ಕಾಣಲಿಲ್ಲ ಎಂದು ನಮ್ಮ ಚರಿತ್ರೆಕಾರರು ಹೇಳುತ್ತಾರೆ. ಇರಬಹುದು. ಅಶೋಕಪುರಂನಲ್ಲಿ ಕುಳಿತು ಓದುವವರಿಗೆ ಆ ಸಮಾಧಾನ ಗಂಟಲಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಈ ಬಡಾವಣೆಯನ್ನು ಹಿರಿಯರು ಆದಿಕರ್ನಾಟಕಪುರ ಎಂದೂ ನೆನೆಯುತ್ತಾರೆ. ಇಲ್ಲಿ ಅಂಬೇಡ್ಕರ್ ಉದ್ಯಾನವಿದೆ, ಬೌದ್ಧ ಕುಟುಂಬಗಳಿವೆ, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಮಕ್ಕಳನ್ನು ಓದಿಸಿದ ಮನೆಗಳಿವೆ. ಯಾರು ಯಾರ ಕೈಯಲ್ಲಿ ನೀರು ಕುಡಿದರು, ಯಾರು ಯಾರ ಪಕ್ಕದಲ್ಲಿ ಎಲೆ ಹಾಕಿದರು ಎಂಬುದು ಇಲ್ಲಿ ಊಟದ ಉಪಚಾರದ ಮಾತಲ್ಲ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದ ಸಂಗತಿಯನ್ನು ಇಲ್ಲಿನ ಮಕ್ಕಳು ಕಾಗುಣಿತಕ್ಕಿಂತ ಮೊದಲು ಕಲಿಯುತ್ತವೆ.

ಅಶೋಕನ ಹೆಸರು ಬಂದದ್ದರಿಂದ ಇನ್ನೊಂದು ಮಾತು ನೆನಪಾಗುತ್ತದೆ. ಅಶೋಕ ಚಕ್ರವರ್ತಿ ತನ್ನ ಮೊದಲನೆಯ ಬಂಡೆ ಶಾಸನದಲ್ಲಿ ಅರಮನೆಯ ಅಡುಗೆಮನೆಯ ವಿಷಯವನ್ನೇ ಬರೆಸಿದ್ದಾನೆ. ಮೊದಲು ಸಾರಿಗೆಂದು ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಶಾಸನ ಬರೆಸುವ ಹೊತ್ತಿಗೆ ಅದು ಎರಡು ನವಿಲು ಒಂದು ಜಿಂಕೆಗೆ ಇಳಿದಿತ್ತು, ಜಿಂಕೆಯೂ ಪ್ರತಿದಿನ ಅಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂದು ಅರಸ ಮಾತು ಕೊಡುತ್ತಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಪ್ರಭುಗಳು ಹುಟ್ಟುವುದಕ್ಕೂ ಮೊದಲೇ, ಒಬ್ಬ ದೊರೆ ತನ್ನ ತಟ್ಟೆಯ ಲೆಕ್ಕವನ್ನು ಪ್ರಜೆಗಳಿಗೆ ಒಪ್ಪಿಸಿದ್ದ. ಕ್ರ್ಯಾನ್ಮರ್ ಅವರ ಕಟ್ಟಳೆಗೆ ಹೋಲಿಸಿದರೆ ಇದೇ ಗಟ್ಟಿಯಾಗಿ ಕಾಣುತ್ತದೆ. ನಾವು ಮಾಂಸ ಬಿಡಬೇಕೆಂದು ಇದನ್ನು ಹೇಳುತ್ತಿಲ್ಲ, ನಾವೂ ಬಿಟ್ಟವರಲ್ಲ. ಹಬ್ಬದ ತಟ್ಟೆಯ ಲೆಕ್ಕ ಕೇಳುವುದು ಹೊಸ ರೋಗವಲ್ಲ ಎಂದಷ್ಟೇ.

ಹಾಗೆಂದು ಟರ್ಕಿಯನ್ನು ಪರದೇಶಿ ಎಂದು ಬಾಗಿಲಾಚೆ ನಿಲ್ಲಿಸುವ ವಾದವೂ ನಮಗೆ ಒಪ್ಪಿಗೆಯಿಲ್ಲ. ಸಭೆಯಲ್ಲಿ ಒಬ್ಬರು ಹಾಗೆಯೇ ವಾದಿಸಿದರು: "ನಮ್ಮದು ನಮಗಿರಲಿ, ನಾಟಿ ಕೋಳಿ ಸಾರು, ರಾಗಿ ಮುದ್ದೆ." ಆ ಸಾರಿನಲ್ಲಿ ಏನಿದೆ ನೋಡಿ. ಬ್ಯಾಡಗಿ ಮೆಣಸಿನಕಾಯಿ, ಟೊಮ್ಯಾಟೊ. ಎರಡರ ಮೂಲವೂ ಟರ್ಕಿಯ ತವರಾದ ಅದೇ ಮೆಕ್ಸಿಕೊ ಸೀಮೆ. ಪೋರ್ಚುಗೀಸರ ಹಡಗು ಬರುವ ಮೊದಲು ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಹೊಸ ಕಾಯಿಗೆ ಆ ಹಳೆಯ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಎಂದೆವು. ಇನ್ನು ರಾಗಿ. ಸಾವಿರಾರು ವರ್ಷಗಳ ಹಿಂದೆ ಆಫ್ರಿಕದ ಪೂರ್ವ ಭಾಗದಿಂದ ಬಂದದ್ದು. ಈಗ ರಾಗಿ ನಮ್ಮದಲ್ಲವೆಂದು ಮೈಸೂರಿನಲ್ಲಿ ಹೇಳಿ ಯಾರು ಮನೆ ಸೇರಿಯಾರು? ಇದ್ದುದರಲ್ಲಿ ಕೋಳಿಯೊಂದೇ ಹತ್ತಿರದ ನಂಟು. ಊರ ಕೋಳಿಯ ಮೂಲ ಬರ್ಮಾ, ತಾಯ್ಲೆಂಡ್, ಚೀನಾದ ದಕ್ಷಿಣ ಅಂಚಿನ ಕೆಂಪು ಕಾಡುಕೋಳಿ. ಆದರೆ ಜಗತ್ತಿನ ಬಹುಪಾಲು ಕೋಳಿಗಳ ಕಾಲಿಗಿರುವ ಹಳದಿ ಬಣ್ಣದ ವಂಶವಾಹಿ ಬಂದದ್ದು ನಮ್ಮ ಬಂಡೀಪುರದಂಥ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಲಂಡನ್ನಿನ ಕೋಳಿಯ ಕಾಲಲ್ಲೂ ನಮ್ಮ ಕಾಡಿನ ಗುರುತಿದೆ. ಬಂದವರನ್ನು ಕಳಿಸಲು ಹೊರಟರೆ ಕೊನೆಗೆ ತಟ್ಟೆಯಲ್ಲಿ ಏನು ಉಳಿದೀತೋ!

ಟರ್ಕಿ ಈಗ ನಮ್ಮ ಕಡೆಗೂ ಪೂರ್ತಿ ಪರಕೀಯವಲ್ಲ. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ ಡಿಸೆಂಬರ್ ಬಂದರೆ ಟರ್ಕಿಯ ವ್ಯಾಪಾರ ನಡೆಯುತ್ತದೆ. ಚೆನ್ನೈನ ನಂದನಂನ ಪಶುವೈದ್ಯ ಸಂಸ್ಥೆಯವರು ಊರಿನ ಕಪ್ಪು ಟರ್ಕಿಯನ್ನು ಅಮೆರಿಕದ ಬಿಳಿ ಸಣ್ಣ ತಳಿಯೊಂದಿಗೆ ಕೂಡಿಸಿ ನಂದನಂ ತಳಿಯನ್ನೇ ಮಾಡಿದ್ದಾರೆ. ಹಳ್ಳಿಗಳಲ್ಲಿ ಸಾಕುವವರಿದ್ದಾರೆ. ನಮ್ಮ ವಲಯದ ಒಬ್ಬ ತಾಯಿಯ ತಂಗಿ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಸಾಕುತ್ತಾರೆಂದು ತಿಳಿದು ನಾವು ಆ ಭಾನುವಾರದ ಮರುವಾರವೇ ನೋಡಲು ಹೋದೆವು. ಆಕೆ ಓದಿದ್ದು ನಾಲ್ಕನೆಯ ತರಗತಿ. ಈ ಹಕ್ಕಿಯ ಮೇಲೆ ಉಪನ್ಯಾಸವನ್ನೇ ಕೊಟ್ಟರು. ಮೊಟ್ಟೆ ಮರಿಯಾಗಲು ಕೋಳಿಗೆ 21 ದಿನ, ಇದಕ್ಕೆ 28. ನಾಟಿ ಕೋಳಿಯ ಕಾವಿಗೆ ಎರಡೂ ಮೊಟ್ಟೆ ಇಟ್ಟರೆ ತನ್ನ ಮರಿ ಹೊರಬಂದ ಕೂಡಲೇ ತಾಯಿ ಎದ್ದು ಹೋಗುತ್ತದೆ, ಇವು ಗೂಡಿನಲ್ಲೇ ತಣ್ಣಗಾಗುತ್ತವೆ. ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳು ಕಾಣಿಸುವುದೇ ಇಲ್ಲ, ತಟ್ಟೆಯ ಮುಂದೆ ನಿಂತೇ ಹಸಿದು ಸಾಯುತ್ತವೆ. ಅದಕ್ಕೆ ಆಕೆ ಮೇವಿನಲ್ಲಿ ಬಣ್ಣದ ಗೋಲಿಗಳನ್ನು ಹಾಕಿಡುತ್ತಾರೆ. ಹೊಳಪಿಗೆ ಕುಕ್ಕಲು ಹೋಗಿ ಕಾಳನ್ನು ಕಲಿಯುತ್ತವೆ. ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಹಾಲು ಬೆರೆಸಿದ ನೀರು ಕುಡಿಸಿ ಎರಡು ವಾರ ದಾಟಿಸಬೇಕು. ಕೋಳಿಗಳ ಜೊತೆ ಬಿಟ್ಟರೆ ಕೋಳಿಗೆ ಏನೂ ಮಾಡದ ರೋಗ ಇವಕ್ಕೆ ತಗುಲಿ ಪಿತ್ತಜನಕಾಂಗ ಕೆಡುತ್ತದೆ. ಮೊದಲ ವರ್ಷ ಹನ್ನೊಂದು ಮರಿಗಳಲ್ಲಿ ಎಂಟನ್ನು ಕಳೆದುಕೊಂಡು ಇದನ್ನೆಲ್ಲ ಕಲಿತೆ ಎಂದರು. "ಕೂಸಿನಂಗೆ ನೋಡ್ಕೋಬೇಕು ಕಣಣ್ಣ, ಆಮೇಲೆ ಕೊಯ್ಯಕ್ಕೆ ಮನಸು ಬರಲ್ಲ."

ಊರಿಗೆ ಮರಳಿ ಮತ್ತೆ ಸಭೆ ಸೇರಿದಾಗ ನಾವು ಅಜ್ಜಿಗೆ ಉತ್ತರ ಒಪ್ಪಿಸಿದೆವು. ಬೈಬಲ್ಲಿನಲ್ಲಿ ಟರ್ಕಿ ಇಲ್ಲ. ಸಭೆಯ ಯಾವ ಕಟ್ಟಳೆಯೂ ಅದನ್ನು ಕೇಳಿಲ್ಲ. ನಮ್ಮ ಮೈಸೂರು ಸೀಮೆಯ ಕ್ರೈಸ್ತರ ಹಿಂದಿನ ಊಟದಲ್ಲೂ ಅದಕ್ಕೆ ಹಕ್ಕಿನ ಜಾಗವಿಲ್ಲ. ಅತಿಥಿಯಾಗಿ ಬಂದರೆ ಬೇಡವೆನ್ನಲು ಕಾರಣವೂ ಇಲ್ಲ. ಆದರೆ ಬೈಬಲ್ಲಿನಲ್ಲಿ ಕೂಡುಊಟದ ಬಗ್ಗೆ ಒಂದು ಮಾತಿದೆ ಎಂದು ಕೊರಿಂಥದವರಿಗೆ ಸಂತ ಪೌಲರು ಬರೆದ ಮೊದಲ ಪತ್ರದ 11ನೆಯ ಅಧ್ಯಾಯವನ್ನು ಓದಿದೆವು. ಅಲ್ಲಿ ಉಳ್ಳವರು ತಾವು ತಂದದ್ದನ್ನು ಮೊದಲೇ ಉಂಡು ಮುಗಿಸುತ್ತಿದ್ದರು, ಕೆಲಸ ಮುಗಿಸಿ ತಡವಾಗಿ ಬಂದ ಬಡವರು ಹಸಿದು ಕೂರುತ್ತಿದ್ದರು. ಇದಕ್ಕೆ ಪ್ರಭುವಿನ ಭೋಜನ ಎಂಬ ಹೆಸರೇ ಸಲ್ಲದು ಎಂಬುದು ಪೌಲರ ಸಿಟ್ಟು. ಓದಿ ಮುಗಿದಾಗ ಎರಡು ವರ್ಷದ ಹಿಂದೆ ಬಾರದಿದ್ದ ಮನೆಯವರಲ್ಲಿ ಇಬ್ಬರು ಅಲ್ಲೇ ಕುಳಿತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ಬರೆಯುವವರು ತಮ್ಮ ಪುಸ್ತಕ ಮುಚ್ಚಿ, "ಚಂದಾನೇ ಬೇಡ. ಒಬ್ಬೊಬ್ಬರು ಅವರವರ ಮನೇಲಿ ಆದದ್ದು ತರಲಿ, ಒಂದೇ ಕಡೆ ಇಟ್ಟು ಬಡಿಸೋಣ" ಎಂದರು. ಹೋಟೆಲಿನ ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನ ಆಸೆಯಲ್ಲೂ ತಪ್ಪಿರಲಿಲ್ಲ. ವರ್ಷವಿಡೀ ಬೇರೆಯವರ ಮೇಜಿಗೆ ಹುರಿದು ಕಳಿಸುವ ಹಕ್ಕಿಯನ್ನು ಒಮ್ಮೆ ತನ್ನ ತಾಯಿಗೆ ಬಡಿಸಬೇಕೆಂದು ಅವನಿಗಿತ್ತು.

ಹಬ್ಬದ ಮಾರನೆಯ ದಿನ ಬೆಳಿಗ್ಗೆ ನಂಜನಗೂಡಿನ ಕಡೆಯಿಂದ ಬರುವ ರೈಲಿನಿಂದ ಆ ತಂಗಿ ಅಶೋಕಪುರಂ ನಿಲ್ದಾಣದಲ್ಲಿ ಇಳಿದರು. ತಲೆಯ ಮೇಲೆ ಬಿದಿರು ಬುಟ್ಟಿ, ಒಳಗೆ ಏಳು ಕಿಲೋ ತೂಗುವ ಹುಂಜ. ದುಡ್ಡು ಬೇಡವೆಂದರು, ಅಕ್ಕನ ಬೀದಿಗೆ ತಂದ ಉಡುಗೊರೆ. ಅಷ್ಟು ದೊಡ್ಡ ಹಕ್ಕಿ ಹಿಡಿಸುವ ಒಲೆ ಯಾರ ಮನೆಯಲ್ಲೂ ಇರಲಿಲ್ಲ. ಕೇಕು ಸುಡಿಸಿಕೊಂಡು ಬರುವ ಬೇಕರಿಯವರನ್ನು ಕೇಳಿದರೆ ಬ್ರೆಡ್ಡಿಗೆ ವಾಸನೆ ಹತ್ತುತ್ತದೆ ಎಂದು ಕೈ ಮುಗಿದರು. ಕೊನೆಗೆ ಮೂರು ಕಲ್ಲಿನ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಕೊತ್ತಂಬರಿ, ಗಸಗಸೆ, ಕಾಯಿ, ಮೆಣಸಿನಕಾಯಿ ಅರೆದು ಹಾಕಿ ಸಾರೇ ಮಾಡಿದರು. ಹುಡುಗ ತಾನೇ ಸೌಟು ಹಿಡಿದ. ಎದೆಯ ಮಾಂಸ ಸ್ವಲ್ಪ ಒಣಗಿ ನಾರಾಗಿತ್ತು, ತೊಡೆಯ ಭಾಗ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ಪಕ್ಕದ ಪಾತ್ರೆಯ ನಾಟಿ ಕೋಳಿಯೇ ನಮಗೆ ಹೆಚ್ಚು ಹಿಡಿಸಿತು. ಎಲೆಗಳನ್ನು ಒಂದೇ ಸಾಲಿನಲ್ಲಿ ಹಾಕಿದ್ದೆವು. ಹಿಂದೆ ಬಾರದಿದ್ದ ಮೂರು ಮನೆಯವರೂ ಬಂದರು, ಒಬ್ಬರು ಕಜ್ಜಾಯ ತಂದರು, ಇನ್ನೊಬ್ಬರು ಬರೀ ಒಂದು ಡಬ್ಬಿ ಉಪ್ಪಿನಕಾಯಿ. ಎದುರು ಮನೆಯ ಬೌದ್ಧ ದಂಪತಿಗಳು ಪಾಯಸ ತಂದು ನಮ್ಮ ಪಕ್ಕದಲ್ಲೇ ಕುಳಿತರು.

ಅಜ್ಜಿಯ ಎಲೆಗೆ ಹುಡುಗ ತೊಡೆಯ ಒಳ್ಳೆಯ ತುಂಡನ್ನೇ ಆರಿಸಿ ಹಾಕಿದ. ಅವರು ನಿಧಾನವಾಗಿ ಜಗಿದು, "ಕೋಳಿ ಹಂಗೂ ಇಲ್ಲ, ಕುರಿ ಹಂಗೂ ಇಲ್ಲ. ಇನ್ನೊಂದು ತುಂಡು ಹಾಕು ಮಗ" ಎಂದರು. ಹುಂಜದ ಬಾಲದ ಗರಿಗಳನ್ನು ಮಕ್ಕಳು ಆಗಲೇ ಹಂಚಿಕೊಂಡಿದ್ದರು. ಎರಡು ಗರಿ ಗೋದಲಿಯ ದೇವದೂತನ ಬೆನ್ನಿಗೆ ರೆಕ್ಕೆಯಾಗಿ ಏರಿ, ಮೂರು ರಾಯರ ಹಬ್ಬದವರೆಗೂ ಅಲ್ಲೇ ಇದ್ದವು.